ಏಣಿಯ ಬುಡ

ವ್ಯಾನಿನ ಹಿಂಭಾಗದಲ್ಲಿ ಮಂಡಿಯೂರಿ ಕೂತ ಬಕೆಟ್ಟಣ್ಣ ನೀರಿನ ಫಿಲ್ಟರಿನ ಮುಚ್ಚಳವನ್ನು ಮೂರನೆಯ ಸಲ ತಿರುಗಿಸಿದ; ಅದು ಜಪ್ಪಯ್ಯ ಅನ್ನಲಿಲ್ಲ. ಈ ಮನೆಯವರು ಏನನ್ನು ಮುಚ್ಚಿದರೂ ಹೀಗೆಯೇ ಮುಚ್ಚುವುದು, ಮುಚ್ಚಳವಾಗಲಿ ಬಾಯಾಗಲಿ. ನಾಲ್ಕನೆಯ ಸಲಕ್ಕೆ ಅದು ಒಮ್ಮೆಲೇ ಬಿಟ್ಟುಕೊಂಡು, ಒಳಗಿದ್ದ ನೀರೆಲ್ಲ ಅವನ ಮಂಡಿಯ ಮೇಲೆ ಸುರಿಯಿತು. ಇದ್ದುದರಲ್ಲಿ ಒಳ್ಳೆಯ ಪ್ಯಾಂಟು. ಮದುವೆಗೂ ಸಾವಿಗೂ ಅವನಿಗೆ ಅದೊಂದೇ.

ಫಿಲ್ಟರಿನೊಳಗಿನ ಹರಳುಗಳನ್ನು ಬಕೆಟ್ಟಿಗೆ ಸುರಿದ. ಸಾಸಿವೆ ಗಾತ್ರದವು, ಹೊಸದಿದ್ದಾಗ ಕಡುನೀಲಿ, ಕಸುವು ತೀರಿದ ಮೇಲೆ ಒಣಕೆಸರಿನ ಬಣ್ಣ. ಬಕೆಟ್ಟಿಗೆ ಬಿದ್ದದ್ದರಲ್ಲಿ ಹುಡುಕಿದರೂ ಒಂದು ನೀಲಿ ಕಾಳಿರಲಿಲ್ಲ. ಅವನು ಹೊಸ ಚೀಲದ ಬಾಯಿ ಕತ್ತರಿಸಿದ. ಮನೆಯ ಮುಂಭಾಗದಿಂದ ಕುರ್ಚಿ ಎಳೆಯುವ ಸದ್ದು, ಯಾರೋ ಮೂಗು ಸೀಟಿಕೊಳ್ಳುವ ಸದ್ದು ಕೇಳುತ್ತಿತ್ತು.

ಸತ್ತವನ ಮಗಳು ಬೆಳಗ್ಗೆಯೇ ಹೇಳಿಬಿಟ್ಟಿದ್ದಳು: ಮಣ್ಣು ಮಾಡಿ ಬಂದ ಮೇಲೆ ಅವಳು ನೇರ ಆ ಕಿಟಕಿಗೆ ಹೋಗುತ್ತಾಳೆ, ಅಪ್ಪ ಅರ್ಧಕ್ಕೆ ಬಿಟ್ಟ ಗಾಜನ್ನು ತೊಳೆಯುತ್ತಾಳೆ, ಯಾರೂ ಅಡ್ಡ ಬರಬಾರದು. ಈ ಸತ್ತ ಹರಳು ಸೋಸಿದ ನೀರಲ್ಲಿ ತೊಳೆದರೆ, ಗಾಜು ಒಣಗುವಷ್ಟರಲ್ಲಿ ಅವಳಿಗೆ ಎಲ್ಲವೂ ಗೊತ್ತಾಗುತ್ತಿತ್ತು. ಗೊತ್ತಾಗಬಾರದು. ಅಷ್ಟಕ್ಕಾಗಿ ಅವನು ಗೆಳೆಯನ ಸಾವಿನ ದಿನ ಕಳ್ಳನ ಹಾಗೆ ಗೆಳೆಯನ ವ್ಯಾನಿಗೆ ನುಗ್ಗಿದ್ದ.

"ಏನೋ ಬಕೆಟ್ಟು, ಅಲ್ಲಿ ಪೆಟ್ಟಿಗೆ ಎತ್ತೋ ಹೊತ್ತಾಯ್ತು, ನೀನಿಲ್ಲಿ ಏನು ಕೆದಕ್ತಾ ಕೂತಿದೀಯ?"

ಸತ್ತವನ ಅಕ್ಕ. ಎಪ್ಪತ್ತೆರಡು ವರ್ಷ, ಕಣ್ಣು ಮಂದ, ಬಾಯಿ ಮಾತ್ರ ಚುರುಕು.

"ಸೋರ್ತಿತ್ತು ಅಕ್ಕ."

"ಇವತ್ತೇ ಸೋರಬೇಕಿತ್ತಾ?"

"ಅದಕ್ಕೇನು ಗೊತ್ತು ಪಾಪ."

"ಪ್ಯಾಂಟು ನೋಡು, ತೊಪ್ಪೆಯಾಗಿದೆ. ಜನ ಏನಂದ್ಕೋತಾರೆ?"

"ಅತ್ತಿದಾನೆ ಅಂದ್ಕೋತಾರೆ."

"ಮಂಡಿಯಿಂದ?" ಎಂದಳು ಅಕ್ಕ. ಆಮೇಲೆ ಅವಳ ಮುಖ ಇದ್ದಕ್ಕಿದ್ದಂತೆ ಕುಸಿಯಿತು. ವ್ಯಾನಿನ ಬಾಗಿಲು ಹಿಡಿದುಕೊಂಡು ನಿಂತಳು. "ನಿನಗಾದ್ರೂ ಸೋರೋದಕ್ಕೆ ಒಂದು ಜಾಗ ಇದೆ. ಆ ಹುಡುಗಿ ಒಂದು ಹನಿ ಹಾಕಿಲ್ಲ ನೋಡು, ಮೊನ್ನೆಯಿಂದ."

ಬಕೆಟ್ಟಣ್ಣ ಹೊಸ ಹರಳು ಸುರಿದು ಮುಚ್ಚಳ ತಿರುಪಿದ. ತುಂಬ ಬಿಗಿಯಾಗಿ ತಿರುಪಿದ.

---

ಮುಂದಿನ ಕೋಣೆಯಲ್ಲಿ ಪೆಟ್ಟಿಗೆಯ ಸುತ್ತ ಅವನಿಗೆ ಗುರುತಿಲ್ಲದ ಜನವೇ ಹೆಚ್ಚಿದ್ದರು. ಮೇಲ್ಮಹಡಿಗಳವರು. ಮೂವತ್ತೊಂದು ವರ್ಷ ಬಕೆಟ್ಟಣ್ಣ ಇವರ ಮನೆಗಳ ಗೋಡೆಯ ಬುಡದಲ್ಲಿ ನಿಂತಿದ್ದನೇ ಹೊರತು ಮುಖ ನೋಡಿರಲಿಲ್ಲ.

"ಇಷ್ಟು ಉದ್ದ ಇದ್ರಾ ಇವರು!" ಎಂದು ಒಬ್ಬ ಹೆಂಗಸು ಪಿಸುಗುಟ್ಟಿದಳು. "ನಾನು ಕುಳ್ಳಗಿದಾರೆ ಅಂದ್ಕೊಂಡಿದ್ದೆ."

"ಎಲ್ಲರೂ ಉದ್ದಣ್ಣ ಅಂತಾನೇ ಕರೀತಿದ್ದಿದ್ದು," ಎಂದ ಪಕ್ಕದವನು.

"ನಂಗೆ ಹೇಗೆ ಗೊತ್ತಾಗುತ್ತೆ? ಹನ್ನೆರಡು ವರ್ಷ ನೋಡಿದೀನಿ, ಬೆಲ್ಟಿಂದ ಮೇಲಕ್ಕೆ. ಗಾಜಿನಾಚೆ ಬಾಯಾಡಿಸೋರು, ನಾನೂ ಈಚೆ ಬಾಯಾಡಿಸ್ತಿದ್ದೆ. ಏನು ಮಾತಾಡಿದ್ವೋ ದೇವರಿಗೇ ಗೊತ್ತು. ಆ ಕೋಲು ಬಂತು ನೋಡಿ, ಆಮೇಲೆ ಮನುಷ್ಯನೇ ಇಲ್ಲ. ಬ್ರಷ್ಷೊಂದು ಕೆಳಗಿಂದ ಬಂದು, ತಿಕ್ಕಿ, ಹೋಗಿಬಿಡೋದು."

ಬಕೆಟ್ಟಣ್ಣನಿಗೆ ಉದ್ದಣ್ಣನ ಮೈಯಲ್ಲಿ ಚೆನ್ನಾಗಿ ಗೊತ್ತಿದ್ದುದು ಎರಡು ಅಂಗಾಲು. ಬೂಟಿನ ಅಟ್ಟೆ ಯಾವ ಕಡೆ ಸವೆಯುತ್ತದೆ, ಮಳೆಗಾಲಕ್ಕೆ ಮುಂಚೆ ಯಾವ ಹೊಲಿಗೆ ಬಿಡುತ್ತದೆ ಎಂಬುದನ್ನು ಅವನು ಕಣ್ಣು ಮುಚ್ಚಿ ಹೇಳಬಲ್ಲ. ಈ ಹೆಂಗಸು ಕಂಡದ್ದನ್ನೂ ತಾನು ಕಂಡದ್ದನ್ನೂ ಒಂದಕ್ಕೊಂದು ಜೋಡಿಸಿದರೆ ಪೂರ್ತಿ ಮನುಷ್ಯ ಆದಾನು ಎನಿಸಿ ಅವನಿಗೆ ನಗು ಬಂತು. ನಗು ಗಂಟಲಿಗೆ ಬರುವಷ್ಟರಲ್ಲಿ ಬೇರೇನೋ ಆಗಿತ್ತು, ಕೆಮ್ಮಿ ನುಂಗಿದ.

ಮಗಳು ಪೆಟ್ಟಿಗೆಯ ತಲೆಯ ಕಡೆ ನಿಂತಿದ್ದಳು. ಮೂವತ್ತಾರು ವರ್ಷ, ಅಪ್ಪನದೇ ಎತ್ತರ. ಬಂದವರಿಗೆಲ್ಲ ಅವಳದು ಒಂದೇ ಪ್ರಶ್ನೆ.

"ನೀವು ಅಲ್ಲೇ ಇದ್ರಲ್ಲ. ಯಾಕೆ ಹತ್ತಿದ್ದು ಅಂತ ಏನಾದ್ರೂ ಹೇಳಿದ್ನಾ?"

ಈ ಸಲ ಕೇಳಿಸಿಕೊಂಡವನು ಗಡಿಯಾರ ರಿಪೇರಿಯವನು. ಅವನ ಅಂಗಡಿಯ ಮೇಲಿನ ಮನೆಯ ಕಿಟಕಿ ಒರೆಸುವಾಗಲೇ ಉದ್ದಣ್ಣ ಏಣಿಯಿಂದ ಬಿದ್ದದ್ದು.

"ನಾನು ಒಳಗಿದ್ದೆನಮ್ಮ, ಕಣ್ಣಿಗೆ ಭೂತಗನ್ನಡಿ ಹಾಕ್ಕೊಂಡು. ಸದ್ದು ಕೇಳಿ ಹೊರಗೆ ಓಡಿ ಬಂದೆ. ಏಣಿ ಬುಡ ಜಾರಿತ್ತು. ಅರ್ಧ ಕಿಟಕಿ ಒರೆಸಿದ್ರು." ಅವನು ಕೈ ಹಿಸುಕಿಕೊಂಡ. "ಆ ಗಾಜಲ್ಲಿ ಚುಕ್ಕೆ ಚುಕ್ಕೆ ಅಂತ ನನ್ನ ಹೆಂಡತೀನೇ ನಿಮ್ಮ ಹತ್ರ ಗಲಾಟೆ ಮಾಡಿದ್ದು. ಅವಳು ಅನ್ನ ನೀರು ಬಿಟ್ಟು ಕೂತಿದಾಳೆ."

"ಚುಕ್ಕೆ ಇದ್ರೆ ನಾನು ಕೋಲಲ್ಲಿ ತೊಳೀತಿದ್ದೆ. ಏಣಿ ಯಾಕೆ?"

"ಹಟ ಕಣೆ," ಎಂದಳು ಅಕ್ಕ. "ಹುಟ್ಟಿದಾಗಿಂದ ಹಟ. ಬೇಡ ಅಂದ ಕಡೆಗೇ ಹೋಗೋದು."

"ಹಳೇ ಕೈ," ಎಂದ ಯಾರೋ. "ಸುಮ್ನೆ ಕೂರೋದಿಲ್ಲ."

"ನನ್ನ ಕೋಲಿನ ಮೇಲೆ ನಂಬಿಕೆ ಇರಲಿಲ್ಲ," ಎಂದಳು ಮಗಳು. ದನಿ ಏರಲಿಲ್ಲ, ಇಳಿಯಲಿಲ್ಲ. "ನನ್ನ ಮೇಲೇ ಇರಲಿಲ್ಲ. ಹತ್ತಲ್ಲ ಅಂತ ಮಾತು ಕೊಟ್ಟಿದ್ದ. ಬಕೆಟ್ ಮಾಮ, ನಿಮಗೇನಾದ್ರೂ ಹೇಳಿದ್ನಾ?"

"ನಂಗ್ಯಾಕೆ ಹೇಳ್ತಾನೆ ಪುಟ್ಟಿ?"

ಪ್ರಶ್ನೆಗೆ ಪ್ರಶ್ನೆ ಹಾಕಿದರೆ ಸುಳ್ಳು ಹೇಳಿದಂತಾಗುವುದಿಲ್ಲ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸಮಾಧಾನ ಆಗಲಿಲ್ಲ. ಒದ್ದೆ ಪ್ಯಾಂಟು ಮಂಡಿಗೆ ಅಂಟಿಕೊಂಡು ತಣ್ಣಗೆ ಕೊರೆಯುತ್ತಿತ್ತು.

---

ಏಣಿಯ ಕಾಲದಲ್ಲಿ ಉದ್ದಣ್ಣ ಮೇಲೆ, ಬಕೆಟ್ಟಣ್ಣ ಕೆಳಗೆ. ಒಂದು ಕೈಯಲ್ಲಿ ಸಾಬೂನು ನೀರಿನ ಬ್ರಷ್ಷು, ಇನ್ನೊಂದರಲ್ಲಿ ರಬ್ಬರ್ ಪಟ್ಟಿ, ಹೆಗಲ ಮೇಲೆ ಬಟ್ಟೆ. ಪಟ್ಟಿಯನ್ನು ಹಾವು ಹರಿದಂತೆ ಎಳೆದು ಕೊನೆಗೆ ಅಂಚಿಗೆ ಬಟ್ಟೆ ತಾಗಿಸಿದನೆಂದರೆ ಅಲ್ಲಿ ಗಾಜಿದೆಯೆಂದು ನೊಣಕ್ಕೂ ಗೊತ್ತಾಗುತ್ತಿರಲಿಲ್ಲ. ಕೆಳಗಿದ್ದವನ ಕೆಲಸ ಎರಡು: ಬಕೆಟ್ಟು ತುಂಬಿಸುವುದು, ಬುಡ ಹಿಡಿಯುವುದು. ಎರಡನೆಯದನ್ನು ಕೆಲಸ ಎಂದು ಯಾರೂ ಒಪ್ಪುತ್ತಿರಲಿಲ್ಲ. ಸುಮ್ಮನೆ ನಿಂತಿದ್ದಾನಲ್ಲ ಎಂದು ದಾರಿಹೋಕರು ಕಿಚಾಯಿಸುತ್ತಿದ್ದರು. ಆದರೆ ಏಣಿ ಎಲ್ಲವನ್ನೂ ಅಂಗೈಗೆ ಹೇಳುತ್ತಿತ್ತು. ಮೇಲಿದ್ದವನು ಒಳಗಿನವರನ್ನು ನೋಡಿ ನಕ್ಕರೆ ಸಣ್ಣ ಕುಲುಕು, ಕೆಮ್ಮಿದರೆ ಎರಡು ಹೊಡೆತ, ಬಲಕ್ಕೆ ಕೈ ಚಾಚಿದರೆ ಎಡಗಾಲಲ್ಲಿ ಒಂದು ಬಿಗಿತ. ಹೆಂಡತಿ ತೀರಿಹೋದ ತಿಂಗಳಲ್ಲಿ ಉದ್ದಣ್ಣ ನೆಲದ ಮೇಲೆ ಒಮ್ಮೆಯೂ ಅತ್ತಿರಲಿಲ್ಲ. ಬಕೆಟ್ಟಣ್ಣನ ಅಂಗೈಗೆ ಮಾತ್ರ ಗೊತ್ತಿತ್ತು.

ಮಗಳು ಒಂದು ಸಣ್ಣ ಅಂಗಡಿ ಇಟ್ಟಿದ್ದಳು. ಅದು ಎಂಟು ತಿಂಗಳಿಗೆ ಬಾಗಿಲು ಹಾಕಿತು. ಆಮೇಲೆ ಅವಳು ಆರು ತಿಂಗಳು ಮನೆ ಬಿಟ್ಟು ಹೊರಗೆ ಬರಲಿಲ್ಲ. ಬಂದ ದಿನ, ಅಪ್ಪ ಮೂರನೇ ಮಹಡಿಯ ಎತ್ತರದಲ್ಲಿ ತಲೆ ಸುತ್ತಿ ಏಣಿಯನ್ನು ತಬ್ಬಿಕೊಂಡು ನಿಂತಿದ್ದನ್ನು ಬೀದಿಯಿಂದ ಕಂಡಳು. ತಿಂಗಳೊಳಗೆ ಕೋಲು ಬಂತು. ಒಂದರೊಳಗೊಂದು ಸೇರುವ ಹಗುರ ಕೊಳವೆ, ತುದಿಗೆ ಬ್ರಷ್ಷು, ಒಳಗೆ ನೀರಿನ ಪೈಪು. ವ್ಯಾನಿನ ಟ್ಯಾಂಕಿನಿಂದ ಫಿಲ್ಟರಿನ ಮೂಲಕ ಬರುವ ನೀರಲ್ಲಿ ತಿಕ್ಕುವುದು, ತೊಳೆಯುವುದು, ಬಿಟ್ಟು ಬರುವುದು.

"ಒರೆಸೋದು?" ಎಂದಿದ್ದ ಉದ್ದಣ್ಣ.

"ಒರೆಸೋದಿಲ್ಲ. ತಾನೇ ಒಣಗುತ್ತೆ."

"ಮಗೂಗೆ ಸ್ನಾನ ಮಾಡಿಸಿ ಮೈ ಒರೆಸದೆ ಬಿಟ್ಟ ಹಾಗೆ?"

"ಅಪ್ಪಾ, ಈ ನೀರಲ್ಲಿ ನೀರು ಬಿಟ್ಟರೆ ಬೇರೇನೂ ಇಲ್ಲ. ಸುಣ್ಣ, ಉಪ್ಪು ಎಲ್ಲಾನೂ ಆ ಹರಳು ಹಿಡ್ಕೊಳ್ಳುತ್ತೆ. ಅದಕ್ಕೇ ಕಲೆ ಉಳಿಯಲ್ಲ. ಒರೆಸಿದ್ರೇ ಹಾಳು."

ನೀರು ಶುದ್ಧವಾಗಿದೆಯೇ ಎಂದು ಹೇಳಲು ಪೆನ್ನಿನಂಥ ಒಂದು ಮೀಟರೂ ಬಂದಿತ್ತು. ಅಂಕಿ ಹತ್ತರೊಳಗಿದ್ದರೆ ಸರಿ. ಉದ್ದಣ್ಣನಿಗೆ ಕೋಲಿಗಿಂತ ಅದೇ ಇಷ್ಟವಾಯಿತು. ನಲ್ಲಿ, ರಸ್ತೆಯ ಹೊಂಡ, ಅಕ್ಕನ ಕಾಫಿ, ಸಿಕ್ಕಿದ್ದಕ್ಕೆಲ್ಲ ಅದ್ದಿ ನೋಡಿದ. ಅಕ್ಕನ ಕಾಫಿಗಿಂತ ಹೊಂಡವೇ ವಾಸಿ ಎಂದು ಹೇಳಿ ಎರಡು ದಿನ ಕಾಫಿ ಇಲ್ಲದೆ ಇದ್ದ.

ಕೋಲಿಗೆ ಬುಡ ಹಿಡಿಯುವವನು ಬೇಕಿರಲಿಲ್ಲ. ಬಕೆಟ್ಟಣ್ಣ ಮನೆಯಲ್ಲಿ ಕೂತು ಹಳೆಯ ಬಕೆಟ್ಟುಗಳಿಗೆ ಮಣ್ಣು ತುಂಬಿ ಟೊಮೆಟೊ ಬೆಳೆಸತೊಡಗಿದ. ಇನ್ನು ಹತ್ತುವುದಿಲ್ಲ ಎಂದು ಮಗಳಿಗೆ ಮಾತು ಕೊಟ್ಟ ಉದ್ದಣ್ಣ, ಏಣಿಯನ್ನು ತಂದು ಗೆಳೆಯನ ಹಿತ್ತಲ ಗೋಡೆಗೆ ಒರಗಿಸಿ ಹೋದ.

---

ಒಂದೂವರೆ ವರ್ಷ ಎಲ್ಲ ಸರಿಯಿತ್ತು. ಆಮೇಲೆ ಗಾಜುಗಳಲ್ಲಿ ಬಿಳಿ ಚುಕ್ಕೆಗಳು ಕಾಣಿಸಿಕೊಂಡವು. ಕೈಗೆಟುಕುವ ಕಿಟಕಿಗಳನ್ನು ಅಪ್ಪ ಕಳ್ಳತನದಲ್ಲಿ ಬಟ್ಟೆಯಿಂದ ಒರೆಸುತ್ತಾನೆ ಎಂಬುದು ಮಗಳಿಗೆ ಗೊತ್ತಿತ್ತು. ಆ ಬಟ್ಟೆಯ ಸಾಬೂನಿನ ಪಸೆಯೇ ಕೋಲಿನ ಬ್ರಷ್ಷಿಗೂ ಅಂಟಿ ಎಲ್ಲ ಕೆಡಿಸುತ್ತಿದೆ ಎಂದುಕೊಂಡಳು. ಗಡಿಯಾರ ರಿಪೇರಿಯವನ ಹೆಂಡತಿ ಬೀದಿಯಲ್ಲಿ ನಿಂತು ಕೂಗಾಡಿದ ದಿನ ಇವಳ ತಾಳ್ಮೆಯೂ ಕೆಟ್ಟಿತು. ಅಷ್ಟು ಜನರೆದುರು ಅಪ್ಪನಿಗೆ ಹೇಳಿದಳು: "ನೀನು ಕೈ ಇಟ್ಟಿದ್ದೆಲ್ಲ ಕೆಟ್ಟುಹೋಗುತ್ತೆ!"

ಉದ್ದಣ್ಣ ಬಟ್ಟೆ ಮಡಚಿ ಜೇಬಿಗಿಟ್ಟುಕೊಂಡ.

ಆವತ್ತು ಸಂಜೆ ಅವನು ಟೊಮೆಟೊ ಗಿಡಗಳ ಮಧ್ಯೆ ಕೂತು ಬಕೆಟ್ಟಣ್ಣನಿಗೆ ಮೀಟರು ತೋರಿಸಿದ. ಫಿಲ್ಟರಿನಿಂದ ಬಂದ ನೀರು: ನೂರಾ ಹತ್ತು.

"ಈ ಬೇಸಿಗೆಯಿಂದ ನಲ್ಲಿ ನೀರೇ ಗಡಸಾಗಿದೆ ಕಣೋ. ಎರಡು ತಿಂಗಳು ಬರ್ತಿದ್ದ ಹರಳು ಮೂರೇ ವಾರಕ್ಕೆ ತೀರಿಹೋಗ್ತಿದೆ. ಅವಳು ಕ್ಯಾಲೆಂಡರ್ ನೋಡ್ತಾಳೆ, ಮೀಟರ್ ನೋಡಲ್ಲ."

"ಹಾಗಂತ ಹೇಳೋದಲ್ವಾ ಅವಳಿಗೆ!"

"ಬೀದೀಲಿ, ಅಷ್ಟು ಜನರ ಮುಂದೆ, ತಪ್ಪು ನಿಂದು ಅಂತ ಹೇಳ್ಲಾ? ಅಂಗಡಿ ಮುಚ್ಚಿದಾಗ ಆರು ತಿಂಗಳು ಕೋಣೆ ಬಿಟ್ಟು ಬರಲಿಲ್ಲ ಅವಳು. ಊಟದ ತಟ್ಟೆ ಬಾಗಿಲ ಹತ್ರ ಇಟ್ಟು ಬರ್ತಿದ್ದೆ. ಗೊತ್ತಾ ನಿಂಗೆ?"

"ಮನೇಲಿ ಹೇಳು."

"ಕ್ಯಾಲೆಂಡರಲ್ಲಿ ಇನ್ನು ಹನ್ನೊಂದು ದಿನಕ್ಕೆ ಗುರುತು ಹಾಕಿದಾಳೆ. ಅವತ್ತು ಅವಳೇ ಹರಳು ಬದಲಾಯಿಸ್ತಾಳೆ, ನೀರು ಸರಿಹೋಗುತ್ತೆ. ಆಮೇಲೆ ಮೀಟರ್ ನೋಡೋದು ನಂದು, ಚೀಲ ಬೇಗ ತರ್ಸೋದೂ ನಂದು. ಬರೀ ಹನ್ನೊಂದು ದಿನ. ಅಲ್ಲೀವರೆಗೆ ಅವಳ ಹಿಂದೆಯಿಂದ ಹೋಗಿ ಒರೆಸಿ ಬರೋಣ. ಏಣಿ ತೆಗಿ."

ಒಪ್ಪಬಾರದಿತ್ತು. ಆದರೆ ಒಂದೂವರೆ ವರ್ಷ ಟೊಮೆಟೊ ನೋಡಿದ ಮನುಷ್ಯ. ಎಂಟು ಮಧ್ಯಾಹ್ನ, ಮಗಳು ಊಟ ಮಾಡಿ ಮಲಗುವ ಹೊತ್ತಿಗೆ, ಇಬ್ಬರು ಮುದುಕರು ಬೀದಿ ಬೀದಿ ಏಣಿ ಹೊತ್ತು ತಿರುಗಿದರು. ಸಂತೋಷವಾಗಿಯೇ ಇದ್ದರು ಎನ್ನಬೇಕು. ಎಂಟನೆಯ ಮಧ್ಯಾಹ್ನ ಏಣಿ ಬಕೆಟ್ಟಣ್ಣನ ಅಂಗೈಗೆ ಬೇರೆಯೇ ಏನೋ ಹೇಳಿತು. ಉದ್ದನೆಯ, ನಿಧಾನದ ತೂಗಾಟ. ಮೇಲಿದ್ದವನಿಗೆ ತಲೆ ಸುತ್ತುತ್ತಿತ್ತು.

ಒಂಬತ್ತನೆಯ ದಿನ ಉದ್ದಣ್ಣ ಹಿತ್ತಲಿಗೆ ಬಂದಾಗ ಇವನು ಗಿಡಕ್ಕೆ ನೀರು ಹಾಕುತ್ತಿದ್ದ.

"ಗಡಿಯಾರದವನದು ಒಂದು ಉಳಿದಿದೆ. ಬಾ."

"ಬರಲ್ಲ. ಮಗಳಿಗೆ ಹೇಳು."

"ಇನ್ನೆರಡು ದಿನ ಕಣೋ."

"ಬುಡ ಹಿಡಿಯೋಕೆ ನಾನಿಲ್ದೆ ನೀನು ಒಂದು ಮೆಟ್ಟಲೂ ಹತ್ತಲ್ಲ. ಮೂವತ್ತೊಂದು ವರ್ಷದಲ್ಲಿ ಹತ್ತಿಲ್ಲ. ಆದ್ರಿಂದ ನಾನು ಬರಲ್ಲ. ಮುಗೀತು."

ಇದಕ್ಕಿಂತ ಜಾಣ ಉಪಾಯ ತನ್ನ ಜನ್ಮದಲ್ಲಿ ಹೊಳೆದಿಲ್ಲ ಎಂದು ಅವನಿಗೆ ಹೆಮ್ಮೆಯಾಗಿತ್ತು. ಬೆನ್ನ ಹಿಂದೆ ಏಣಿ ಗೋಡೆಗೆ ಉಜ್ಜಿದ ಸದ್ದು ಕೇಳಿದಾಗಲೂ ಅವನು ತಿರುಗಲಿಲ್ಲ. ಸ್ವಲ್ಪ ದೂರ ಹೋಗಿ ವಾಪಸು ಬರುತ್ತಾನೆ ಎಂದುಕೊಂಡು ಗಿಡಕ್ಕೆ ನೀರು ಹಾಕುತ್ತಲೇ ಇದ್ದ. ಬಕೆಟ್ಟು ತುಂಬಿ ಹೊರಚೆಲ್ಲಿತು. ಆಮೇಲೂ ಹಾಕುತ್ತಿದ್ದ.

---

ಮಣ್ಣು ಮಾಡುವುದು ಬೇಗ ಮುಗಿಯಿತು. ಹಿಡಿಮಣ್ಣು ಪೆಟ್ಟಿಗೆಯ ಮೇಲೆ ಬಿದ್ದ ಸದ್ದಿಗೆ ಅಕ್ಕ ಮಾತ್ರ ಜೋರಾಗಿ ಅತ್ತಳು. ಮಗಳು ಕೈಯ ಮಣ್ಣು ಒರೆಸಿಕೊಳ್ಳದೆ ಹಾಗೆಯೇ ಬಂದು ವ್ಯಾನಿನಲ್ಲಿ ಕೂತಳು. ಬಕೆಟ್ಟಣ್ಣ ಕರೆಯದಿದ್ದರೂ ಪಕ್ಕಕ್ಕೆ ಹತ್ತಿದ.

ಎರಡು ಬೀದಿ ದಾಟಿದ ಮೇಲೆ ಅವಳು ಬಾಯಿ ಬಿಟ್ಟಳು.

"ಮಾಮ, ನಾನೊಂದು ಮಾತು ಅಂದಿದ್ದೆ ಅವನಿಗೆ. ಎಲ್ಲರ ಮುಂದೆ."

"ಹೂಂ."

"ಆವತ್ತಿಂದ ನನ್ನ ಜೊತೆ ಚೆನ್ನಾಗೇ ಇದ್ದ. ಊಟಕ್ಕೆ ಕರೆಯೋನು, ಜೋಕ್ ಹೇಳೋನು. ಅದೇ ನಂಗೆ... ಬೈದಿದ್ರೆ ಆಗ್ತಿತ್ತು." ಸ್ಟಿಯರಿಂಗಿನ ಮೇಲೆ ಮಣ್ಣಿನ ಬೆರಳಚ್ಚುಗಳು ಮೂಡುತ್ತಿದ್ದವು. "ನಂಗೆ ತೋರಿಸ್ಬೇಕು ಅಂತಾನೇ ಹತ್ತಿದ್ನಾ? ನೋಡು, ನಾನು ಕೈ ಇಟ್ಟಿದ್ದು ಕೆಡಲ್ಲ ಅಂತ?"

"ಇಲ್ಲ ಪುಟ್ಟಿ."

"ಮತ್ತೆ ಯಾಕೆ?"

ಹೇಳಿದರೆ ಅವಳ ಸಿಟ್ಟು ಹೋಗುತ್ತದೆ. ಸಿಟ್ಟು ಹೋದ ಜಾಗದಲ್ಲಿ ಏನು ಬಂದು ಕೂರುತ್ತದೆ ಎಂಬುದು ಬಕೆಟ್ಟಣ್ಣನಿಗೆ ಎರಡು ದಿನದಿಂದ ಚೆನ್ನಾಗಿ ಗೊತ್ತಿತ್ತು. ಅವನೊಳಗೆ ಅದು ಆಗಲೇ ಬಂದು ಕೂತಿತ್ತು. ಹೇಳದಿದ್ದರೆ ತಾನೂ ಬಚಾವು. ಈ ಕೊನೆಯ ಲೆಕ್ಕಾಚಾರ ಕಂಡು ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಕಿಟಕಿಯಾಚೆ ನೋಡುತ್ತ ಕೂತ.

ಗಡಿಯಾರದ ಅಂಗಡಿ ಬಾಗಿಲು ಹಾಕಿತ್ತು. ಏಣಿಯನ್ನು ಯಾರೋ ಪಕ್ಕದ ಓಣಿಯ ಗೋಡೆಗುಂಟ ಮಲಗಿಸಿದ್ದರು. ಉದ್ದಣ್ಣನ ಬಟ್ಟೆಯನ್ನು ಒಗೆದು ಮೆಟ್ಟಿಲ ಕಂಬಿಗೆ ಹಾಕಿದ್ದರು, ನಾಲ್ಕು ಮೂಲೆ ಸರಿಯಾಗಿ ಎಳೆದು. ಗಡಿಯಾರದವನ ಹೆಂಡತಿಯ ಕೆಲಸವಿರಬೇಕು.

ಮಗಳು ಪಂಪು ಹಾಕಿದಳು, ಕೋಲನ್ನು ಒಂದೊಂದೇ ತುಂಡಾಗಿ ಎಳೆದು ಉದ್ದ ಮಾಡಿದಳು, ಬ್ರಷ್ಷನ್ನು ಮೇಲಕ್ಕೆತ್ತಿದಳು. ಅಲ್ಲಿಗೆ ಅವಳ ಕೈ ನಿಂತಿತು.

ಬಕೆಟ್ಟಣ್ಣನೂ ತಲೆಯೆತ್ತಿದ. ಎರಡು ದಿನದಿಂದ ಈ ಕಡೆ ಸುಳಿಯದಿದ್ದವನು, ನೀರೊಂದನ್ನು ಸರಿಮಾಡಿದರೆ ಸಾಕೆಂದುಕೊಂಡವನು, ಮೂವತ್ತೊಂದು ವರ್ಷ ಇದೇ ಕಸುಬು ಮಾಡಿದವನು, ಇದನ್ನು ಯೋಚಿಸಿಯೇ ಇರಲಿಲ್ಲ.

ಇಳಿಬಿಸಿಲು ಗಾಜಿನ ಮೇಲೆ ನೇರ ಬಿದ್ದಿತ್ತು. ಎಡಗಡೆಯ ಅರ್ಧ, ಬಟ್ಟೆ ಆಡಿದಷ್ಟು ಅರ್ಧ, ಗಾಜೇ ಇಲ್ಲದ ಹಾಗಿತ್ತು. ಅದರಲ್ಲಿ ಬರೀ ಆಕಾಶ. ಬಲಗಡೆಯ ಅರ್ಧದ ತುಂಬ ಬಿಳಿ ಚುಕ್ಕೆ. ಕೈ ತಾಗಿದ ಕಲೆಯಲ್ಲ, ಬಟ್ಟೆಯ ಗೆರೆಯಲ್ಲ. ಬ್ರಷ್ಷು ತೊಳೆದು ಬಿಟ್ಟು ಹೋದ ನೀರು ತಾನೇ ಒಣಗಿದ ಗುರುತು, ಮೇಲಿಂದ ಕೆಳಗಿನವರೆಗೆ.

ಪಂಪು ಸದ್ದು ಮಾಡುತ್ತಿತ್ತು. ಅವಳು ಅದನ್ನು ನಿಲ್ಲಿಸಿದಳು. ಕೋಲನ್ನು ಇಳಿಸಿದಳು. ಹತ್ತಿರ ಬಂದು, ಬಗ್ಗಿ, ಬಕೆಟ್ಟಣ್ಣನ ಪ್ಯಾಂಟಿನ ಮಡಿಕೆಯಿಂದ ಎರಡು ಕಾಳು ಹೆಕ್ಕಿದಳು. ಒಂದು ನೀಲಿ, ಒಂದು ಒಣಕೆಸರಿನ ಬಣ್ಣದ್ದು.

"ಯಾವಾಗ ಬದಲಾಯಿಸಿದ್ರಿ?"

"ಬೆಳಿಗ್ಗೆ."

"ಎಷ್ಟಿತ್ತು?"

"ನೂರಾ ಹತ್ತು."

"ಹತ್ತರೊಳಗಿರ್ಬೇಕು," ಎಂದಳು, ಪಾಠ ಒಪ್ಪಿಸುವವಳ ಹಾಗೆ. "ಅಪ್ಪನಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಿಮಗೆ?"

"ಗೊತ್ತಿತ್ತು. ಎಂಟು ದಿನ ಜೊತೆಗೆ ಹೋಗಿದ್ದೆ. ಮೊನ್ನೆ ಬುಡ ಹಿಡಿಯೋಕೆ ಕರೆದ. ನಾನು..." ಅವನು ಓಣಿಯಲ್ಲಿದ್ದ ಏಣಿಯ ಕಡೆ ನೋಡಿದ. "ನಾನು ಹೋಗಲಿಲ್ಲ ಪುಟ್ಟಿ. ಹೋಗದಿದ್ರೆ ಹತ್ತಲ್ಲ ಅಂದ್ಕೊಂಡೆ."

ಅವಳು ಬೈಯುತ್ತಾಳೆ ಎಂದು ಕಾದ. ಬೈದರೆ ಆಗುತ್ತಿತ್ತು. ಅವಳು ಓಣಿಗೆ ಹೋಗಿ ಏಣಿಯ ಒಂದು ತುದಿ ಎತ್ತಿದಳು. ಇನ್ನೊಂದು ತುದಿಗೆ ಅವನ ಕೈ ತಾನಾಗಿ ಹೋಯಿತು. ಗೋಡೆಗೆ ಒರಗಿಸಿದರು. ಅವನು ಟ್ಯಾಂಕಿನಿಂದ ಬಕೆಟ್ಟಿಗೆ ನೀರು ಹಿಡಿದು ತಂದ. ಕಂಬಿಯ ಮೇಲಿನ ಬಟ್ಟೆಯನ್ನು ಅವಳು ಅದರಲ್ಲಿ ಅದ್ದಿ, ಹಿಂಡಿ, ಹೆಗಲಿಗೆ ಹಾಕಿಕೊಂಡಳು.

"ಬುಡ ಹಿಡೀರಿ ಮಾಮ."

ಅವನು ಹಿಡಿದ. ತಲೆಯ ಮೇಲೆ ಎರಡು ಅಂಗಾಲು ಒಂದೊಂದೇ ಮೆಟ್ಟಿಲು ಏರಿದವು. ಅಪ್ಪನಂತೆಯೇ ಬಲಗಾಲಿನ ಹೊರ ಅಂಚು ಸವೆದಿತ್ತು, ಸಂದಿಯಲ್ಲಿ ಇನ್ನೂ ಸ್ಮಶಾನದ ಮಣ್ಣು. ಬಟ್ಟೆ ಗಾಜಿಗೆ ಉಜ್ಜುವ ಸದ್ದು ಬಂತು, ಎಡಕ್ಕೆ, ಬಲಕ್ಕೆ. ಒಂದು ಹನಿ ಅವನ ಬೋಳುತಲೆಯ ಮೇಲೆ ಬಿತ್ತು. ಆಮೇಲೆ ಉಜ್ಜುವ ಸದ್ದು ನಿಂತಿತು.

ಮೇಲಿನಿಂದ ಏನೂ ಕೇಳಿಸಲಿಲ್ಲ. ಅಂಗಾಲುಗಳು ಅಲುಗಲಿಲ್ಲ. ಏಣಿ ಮಾತ್ರ ಅವನ ಎರಡು ಅಂಗೈಗಳಲ್ಲಿ ಸಣ್ಣಗೆ, ಬಿಡದೆ ನಡುಗುತ್ತಿತ್ತು. ಅವನು ಹಣೆಯನ್ನು ಮೆಟ್ಟಿಲಿಗೆ ಒತ್ತಿ, ಕಾಲು ಅಗಲಿಸಿ, ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.